ತಲೆಬುರುಡೆಯಿಂದ ವಿಲೋ ಮರದವರೆಗೆ: ನ್ಯೂ ಇಂಗ್ಲೆಂಡಿನ ಹಳೆಯ ಸಮಾಧಿ ಕಲ್ಲುಗಳು

ನಮ್ಮ ಕಡೆ ಸ್ಮಶಾನವೆಂದರೆ ಊರ ಹೊರಗೆ, ಹಳ್ಳದ ದಂಡೆಗೋ ಕೆರೆಯ ಹಿಂಬದಿಗೋ ಇರುವ ಜಾಗ. ಮಕ್ಕಳು ಅತ್ತ ಸುಳಿಯಬಾರದು, ಮುಸ್ಸಂಜೆಯ ಮೇಲೆ ದೊಡ್ಡವರೂ ಆ ದಾರಿ ಹಿಡಿಯಬಾರದು, ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಅಂಥ ನಮಗೆ ಮ್ಯಾಸಚೂಸೆಟ್ಸ್‌ಗೆ ಬಂದ ಹೊಸತರಲ್ಲಿ ಇಲ್ಲಿಯ ಊರುಗಳನ್ನು ಕಂಡು ಗಾಬರಿಯಾದದ್ದು ಸಹಜವೇ. ಇಲ್ಲಿ ಸ್ಮಶಾನ ಊರ ನಡುವೆಯೇ ಇದೆ. ಟೌನ್ ಹಾಲಿನ ಪಕ್ಕದಲ್ಲಿ, ಗ್ರಂಥಾಲಯದ ಬೆನ್ನಿಗೆ, ಶಾಲೆಯ ಆಟದ ಬಯಲಿಗೆ ತಾಗಿಕೊಂಡು ಇದೆ. ಬಾಸ್ಟನ್ ನಗರದ ಟ್ರೆಮಾಂಟ್ ಬೀದಿಯಲ್ಲಿ ಎತ್ತರದ ಕಟ್ಟಡಗಳ ನಡುವೆ ಗ್ರ್ಯಾನರಿ ಸ್ಮಶಾನವಿದೆ. 1660ರಲ್ಲಿ ಆರಂಭವಾದ ಆ ಅಂಗಳಕ್ಕೆ ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಪಾಲ್ ರಿವಿಯರ್, ಸ್ಯಾಮುಯೆಲ್ ಆಡಮ್ಸ್, ಜಾನ್ ಹ್ಯಾನ್‌ಕಾಕ್ ಮಲಗಿರುವ ತಾಣಗಳನ್ನು ನೋಡಿಕೊಂಡು ಹೋಗುತ್ತಾರೆ.

ಸಂಘದ ವಾರ್ಷಿಕೋತ್ಸವದಂಥ ಮಂಗಳಕರ ಸಂದರ್ಭದಲ್ಲಿ ಇದೇನು ಸ್ಮಶಾನದ ಮಾತು ಎಂದು ಹಿರಿಯರು ಹುಬ್ಬೇರಿಸಬಹುದು. ನಮ್ಮ ಸಮಾಧಾನ ಇಷ್ಟೆ. ಈ ಕಲ್ಲುಗಳನ್ನು ನಿಲ್ಲಿಸಿದವರೂ ನಮ್ಮ ಹಾಗೆಯೇ ಕಡಲು ದಾಟಿ ಬಂದವರು. ಹುಟ್ಟಿದೂರಿನಿಂದ ಅವರು ಏನನ್ನು ಹೊತ್ತು ತಂದರು, ಏನನ್ನು ಬಿಟ್ಟು ಬಂದರು, ಅವರ ಮಕ್ಕಳು ಮೊಮ್ಮಕ್ಕಳು ಅದರಲ್ಲಿ ಏನನ್ನು ಉಳಿಸಿಕೊಂಡು ಏನನ್ನು ಬದಲಿಸಿದರು ಎಂಬುದು ಈ ಕಲ್ಲುಗಳ ಮೇಲೆ, ತಾರೀಖಿನ ಸಮೇತ, ಕೊರೆದಿಟ್ಟಂತಿದೆ. ಪರದೇಶದಲ್ಲಿ ಎರಡನೆಯ ತಲೆಮಾರನ್ನು ಬೆಳೆಸುತ್ತಿರುವ ನಮಗೆ ಇದಕ್ಕಿಂತ ಹತ್ತಿರದ ಚರಿತ್ರೆ ಬೇರೆ ಯಾವುದಿದೆ?

ಚರ್ಚಿಗಿಂತ ಹಳೆಯ ಸ್ಮಶಾನ

ಇಂಗ್ಲೆಂಡಿನ ಹಳ್ಳಿಗಳಲ್ಲಿ ಸತ್ತವರನ್ನು ಹೂಳುತ್ತಿದ್ದುದು ಚರ್ಚಿನ ಅಂಗಳದಲ್ಲಿ. ಪಾದ್ರಿಗಳು ಮಂತ್ರಿಸಿ ಪವಿತ್ರಗೊಳಿಸಿದ ನೆಲ ಅದು. 1630ರಲ್ಲಿ ಬಾಸ್ಟನ್ನಿಗೆ ಬಂದಿಳಿದ ಪ್ಯೂರಿಟನ್ನರು ಇಂಗ್ಲೆಂಡಿನ ಚರ್ಚಿನ ಆಡಂಬರವನ್ನು ಒಪ್ಪದವರು. ಗುಡಿಯೊಳಗೆ ವಿಗ್ರಹ ಬೇಡ, ಬಣ್ಣದ ಗಾಜು ಬೇಡ, ಶಿಲುಬೆಯೂ ಬೇಡ ಎಂದವರು. ಅವರ ಪ್ರಾರ್ಥನೆಯ ಮನೆ ಊರಿನ ಸಭೆ ನಡೆಯುವ ಬರಿಯ ಮರದ ಕಟ್ಟಡವಾಗಿತ್ತು. ಹೂಳುವ ನೆಲಕ್ಕೂ ಪಾವಿತ್ರ್ಯದ ಹಂಗಿರಲಿಲ್ಲ. ಅದು ಊರಿನ ಸಾರ್ವಜನಿಕ ಜಾಗ ಅಷ್ಟೆ.

ಬಾಸ್ಟನ್ನಿನ ಅತಿ ಹಳೆಯ ಸ್ಮಶಾನ ಕಿಂಗ್ಸ್ ಚಾಪೆಲ್ ಎಂಬ ಚರ್ಚಿಗೆ ಒತ್ತಿಕೊಂಡಿದೆ. ನೋಡಿದವರೆಲ್ಲ ಅದನ್ನು ಆ ಚರ್ಚಿನ ಅಂಗಳವೆಂದೇ ತಿಳಿಯುತ್ತಾರೆ. ಆದರೆ ಸ್ಮಶಾನ ಹುಟ್ಟಿದ್ದು 1630ರಲ್ಲಿ. ಚರ್ಚು ಅಲ್ಲಿ ತಲೆಯೆತ್ತಿದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, 1688ರಲ್ಲಿ. ರಾಜನ ಪಂಥದ ಚರ್ಚಿಗೆ ಊರಿನವರು ಜಾಗ ಕೊಡಲು ಒಪ್ಪದಿದ್ದಾಗ, ರಾಜನ ಕಡೆಯ ಗವರ್ನರ್ ಸ್ಮಶಾನದ ಒಂದು ಮೂಲೆಯನ್ನೇ ತೆಗೆದುಕೊಂಡು ಅಲ್ಲಿ ಕಟ್ಟಿಸಿದ.

ಇಲ್ಲೊಂದು ಸ್ವಾರಸ್ಯವಿದೆ. ಪ್ರಾರ್ಥನೆಯ ಮನೆಯಲ್ಲಿ ಒಂದು ಚಿತ್ರವನ್ನೂ ಸಹಿಸದ ಈ ಜನ ಸಮಾಧಿಯ ಕಲ್ಲಿನ ಮೇಲೆ ಮಾತ್ರ ಮನಸಾರೆ ಕೆತ್ತಿಸಿದರು. ಸಮಾಧಿ ಪೂಜೆಯ ಜಾಗವಲ್ಲವಾದ್ದರಿಂದ ಅಲ್ಲಿ ವಿಗ್ರಹಾರಾಧನೆಯ ಭಯವಿರಲಿಲ್ಲ. ದೇವರನ್ನು ಚಿತ್ರಿಸುವಂತಿಲ್ಲ; ಸಾವನ್ನು ಚಿತ್ರಿಸಬಹುದು! ಹೀಗೆ ಬೇರೆಲ್ಲೂ ಎಡೆ ಸಿಗದ ಕಲೆ ಸ್ಮಶಾನದಲ್ಲಿ ಬಂದು ನೆಲೆಸಿತು. ಆ ಕಾಲದ ನ್ಯೂ ಇಂಗ್ಲೆಂಡಿನ ಶಿಲ್ಪಕಲೆಯನ್ನು ನೋಡಬೇಕೆಂದರೆ ನಾವು ಹೋಗಬೇಕಾದದ್ದು ಸ್ಮಶಾನಕ್ಕೇ.

ಕಲ್ಲಿನ ಆಕಾರವೇ ಒಂದು ಮಾತು

ಹಳೆಯ ಕಲ್ಲುಗಳ ಆಕಾರವನ್ನು ಗಮನಿಸಿ. ನಡುವೆ ಕಮಾನಿನಂತೆ ದುಂಡಗೆ ಎದ್ದ ನೆತ್ತಿ, ಎರಡು ಬದಿಗೂ ಸಣ್ಣ ಭುಜಗಳು. ಮಂಚದ ತಲೆಹಲಗೆಯ ಹಾಗೆಯೂ ಕಾಣುತ್ತದೆ, ಬಾಗಿಲಿನ ಹಾಗೆಯೂ ಕಾಣುತ್ತದೆ. ತಲೆಯ ಕಡೆ ದೊಡ್ಡ ಕಲ್ಲು, ಕಾಲಿನ ಕಡೆ ಚಿಕ್ಕದೊಂದು. ನಡುವೆ ಮಲಗಿದವರು ನಿದ್ದೆಯಲ್ಲಿರುವವರು ಎಂಬ ಭಾವನೆ. ಕಾಲು ಮೂಡಣಕ್ಕೆ ಬರುವಂತೆ ಮಲಗಿಸುವುದು ಬಹುಮಟ್ಟಿನ ವಾಡಿಕೆ. ಕೊನೆಯ ತೀರ್ಪಿನ ದಿನ ಎದ್ದು ಕುಳಿತಾಗ ಮುಖ ಸೂರ್ಯೋದಯದ ಕಡೆಗೆ ಇರಬೇಕಲ್ಲವೆ!

ಇಂದು ನಾವು ಬಾಸ್ಟನ್ನಿನಲ್ಲಿ ಕಾಣುವ ಅಚ್ಚುಕಟ್ಟಾದ ಸಾಲುಗಳು ಮಾತ್ರ ಆ ಕಾಲದವಲ್ಲ. 19ನೆಯ ಶತಮಾನದಲ್ಲಿ ಕಾಲುದಾರಿ ಮಾಡಲು, ಹುಲ್ಲು ಕತ್ತರಿಸಲು ಅನುಕೂಲವಾಗಲೆಂದು ಎಷ್ಟೋ ಕಲ್ಲುಗಳನ್ನು ಕಿತ್ತು ಸಾಲಾಗಿ ನೆಟ್ಟರು. ಹೀಗಾಗಿ ಹೆಸರು ಒಂದು ಕಡೆ, ಆ ಹೆಸರಿನವರು ಇನ್ನೊಂದು ಕಡೆ!

ಕಲ್ಲು ಯಾವುದು? ಬಾಸ್ಟನ್ನಿನ ಸುತ್ತ ಬಹುಪಾಲು ಸ್ಲೇಟು. ಒಂದನೆಯ ತರಗತಿಯಲ್ಲಿ ಬಳಪ ಹಿಡಿದು ನಾವು ಅ ಆ ತಿದ್ದಿದ ಅದೇ ಜಾತಿಯ ಕಲ್ಲು. ಪದರ ಪದರವಾಗಿ ಸೀಳುತ್ತದೆ, ಸಣ್ಣ ಗೆರೆಯನ್ನೂ ಹಿಡಿದಿಡುತ್ತದೆ. ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಕಂದು ಬಣ್ಣದ ಮರಳುಗಲ್ಲು. ಮುಂದೆ ಸಿರಿತನ ಬಂದಾಗ ಬಿಳಿಯ ಅಮೃತಶಿಲೆ ಬಂತು. ಆಮ್ಲಮಳೆಗೆ ಅಮೃತಶಿಲೆ ಸಕ್ಕರೆಯಂತೆ ಕರಗುತ್ತದೆ, ಸ್ಲೇಟು ಜಗ್ಗುವುದಿಲ್ಲ. ಆದ್ದರಿಂದಲೇ ಮುನ್ನೂರು ವರ್ಷದ ಬಡ ಸ್ಲೇಟಿನ ಅಕ್ಷರಗಳನ್ನು ನಾವು ಸಲೀಸಾಗಿ ಓದುತ್ತೇವೆ, ನೂರೈವತ್ತು ವರ್ಷದ ಸಿರಿವಂತ ಅಮೃತಶಿಲೆಯ ಮುಂದೆ ಕಣ್ಣು ಕಿರಿದು ಮಾಡಿ ತಡಕಾಡುತ್ತೇವೆ.

ರೆಕ್ಕೆಯುಳ್ಳ ಬುರುಡೆ

ಕಲ್ಲಿನ ನೆತ್ತಿಯ ಕಮಾನಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಲ್ಲು ಕಿರಿದ ತಲೆಬುರುಡೆ. ಅದರ ಎರಡು ಬದಿಗೆ ಹರಡಿದ ರೆಕ್ಕೆಗಳು. ಸುತ್ತ ಅಡ್ಡಲಾಗಿಟ್ಟ ಎರಡು ಎಲುಬು, ಮರಳು ಗಡಿಯಾರ, ಗುದ್ದಲಿ, ಸಲಿಕೆ, ಶವಪೆಟ್ಟಿಗೆ. ಜೊತೆಗೆ 'ಮೆಮೆಂಟೊ ಮೋರಿ' ಎಂಬ ಲ್ಯಾಟಿನ್ ಮಾತು. ಸಾಯಲಿರುವೆ ಎಂಬುದನ್ನು ಮರೆಯಬೇಡ ಎಂದು ಅದರ ಅರ್ಥ. ದಾರಿಹೋಕನನ್ನು ನಿಲ್ಲಿಸಿ, ನಾನೂ ನಿನ್ನ ಹಾಗೆಯೇ ಓಡಾಡಿಕೊಂಡಿದ್ದೆ, ನೀನೂ ನನ್ನ ಹಾಗೆಯೇ ಆಗುವೆ ಎಂದು ಎಚ್ಚರಿಸುವ ಪದ್ಯಗಳೂ ಹಲವು ಕಲ್ಲುಗಳ ಮೇಲಿವೆ.

ಇಷ್ಟು ಕಠೋರತೆ ಯಾಕೆ? ಪ್ಯೂರಿಟನ್ನರ ನಂಬಿಕೆಯಲ್ಲಿ ಯಾರಿಗೆ ಮುಕ್ತಿ, ಯಾರಿಗೆ ನರಕ ಎಂಬುದು ದೇವರು ಮೊದಲೇ ಗೊತ್ತುಮಾಡಿಟ್ಟ ಸಂಗತಿ. ಪುಣ್ಯಕಾರ್ಯದಿಂದ ಅದನ್ನು ತಿದ್ದಲು ಬರುವುದಿಲ್ಲ. ತನ್ನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಬದುಕಿರುವಾಗ ಖಚಿತವಾಗಿ ತಿಳಿಯುವಂತೆಯೂ ಇಲ್ಲ. ಸತ್ತವರಿಗಾಗಿ ಪ್ರಾರ್ಥನೆ ಮಾಡುವುದೂ ವ್ಯರ್ಥ. ನಮ್ಮಲ್ಲಿರುವ ಹಾಗೆ ತಿಥಿಯಿಲ್ಲ, ತರ್ಪಣವಿಲ್ಲ, ಹೋದವರಿಗಾಗಿ ಉಳಿದವರು ಮಾಡಬಹುದಾದದ್ದು ಏನೂ ಇಲ್ಲ. ಹಾಗಾಗಿ ಕಲ್ಲು ಸತ್ತವರ ಗೊಡವೆ ಬಿಟ್ಟು ಬದುಕಿರುವವರ ಕಡೆ ತಿರುಗಿ ಮಾತನಾಡಿತು.

ಆದರೆ ಆ ರೆಕ್ಕೆಗಳನ್ನು ಮರೆಯಬಾರದು. ಬುರುಡೆ ಮಣ್ಣಾಗುವ ದೇಹವಾದರೆ ರೆಕ್ಕೆ ಹಾರಿಹೋಗುವ ಆತ್ಮ. ಬರಿಯ ಭಯವಷ್ಟೇ ಆಗಿದ್ದರೆ ರೆಕ್ಕೆಯ ಅಗತ್ಯವಿರಲಿಲ್ಲ. ಬಾಯಿಬಿಟ್ಟು ಹೇಳಲು ಅಂಜಿದ ಆಸೆಯನ್ನು ಆ ಜನ ರೆಕ್ಕೆಯಾಗಿ ಕೆತ್ತಿಸಿದರೆಂದು ನಾವು ತಿಳಿಯುತ್ತೇವೆ.

ಕಿಂಗ್ಸ್ ಚಾಪೆಲ್ ಸ್ಮಶಾನದಲ್ಲಿ ಬೀದಿಯ ಕಡೆಗೇ ನಿಂತಿರುವ ಒಂದು ಕಲ್ಲು 1678ರಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ಜೋಸೆಫ್ ಟ್ಯಾಪಿಂಗ್ ಎಂಬ ತರುಣನದು. ಅದರ ಕೆಳಭಾಗದಲ್ಲಿ ಒಂದು ಪುಟ್ಟ ನಾಟಕವೇ ನಡೆದಿದೆ. ಭೂಗೋಲದ ಮೇಲೆ ಒಂದು ಮೇಣದ ಬತ್ತಿ ಉರಿಯುತ್ತಿದೆ. ಅಸ್ಥಿಪಂಜರದ ರೂಪದ ಸಾವು ಅದನ್ನು ಆರಿಸಲು ಕೈಚಾಚಿದೆ. ಗಡ್ಡದ ಮುದುಕನ ರೂಪದ ಕಾಲಪುರುಷ ಸಾವಿನ ಕೈಯನ್ನು ತಡೆಯುತ್ತಿದ್ದಾನೆ. ಇನ್ನೂ ಹೊತ್ತಾಗಿಲ್ಲ, ತಾಳು ಎನ್ನುವಂತಿದೆ ಅವನ ಭಂಗಿ. ಕೆತ್ತಿದವನ ಹೆಸರು ಗೊತ್ತಿಲ್ಲವಾದ್ದರಿಂದ ಸಂಶೋಧಕರು ಅವನನ್ನು 'ಚಾರ್ಲ್ಸ್‌ಟೌನಿನ ಕಲ್ಲುಕುಟಿಗ' ಎಂದು ಕರೆಯುತ್ತಾರೆ. ಚಿತ್ರದ ಕಲ್ಪನೆ ಅವನದಲ್ಲ. ಫ್ರಾನ್ಸಿಸ್ ಕ್ವಾರ್ಲ್ಸ್ ಎಂಬ ಕವಿ 1638ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದ ಚಿತ್ರಪುಸ್ತಕದಿಂದ ಬಂದದ್ದು. ಪೆಟ್ಟಿಗೆಯಲ್ಲಿ ಬಟ್ಟೆಯ ಜೊತೆ ಪುಸ್ತಕ ತುಂಬಿಕೊಂಡು ಬಂದದ್ದು ನಾವೇ ಮೊದಲಲ್ಲ!

ಮಾರ್ಬಲ್‌ಹೆಡ್ ಊರಿನ ಓಲ್ಡ್ ಬರಿಯಲ್ ಹಿಲ್ ಎಂಬ ಕಡಲಂಚಿನ ದಿಬ್ಬದಲ್ಲಿ 1776ರಲ್ಲಿ ತೀರಿಕೊಂಡ ಸುಸಾನಾ ಜೇನ್ ಎಂಬಾಕೆಯ ಕಲ್ಲಿದೆ. ಅದರಲ್ಲಿ ಪುಷ್ಪಕಿರೀಟ ತೊಟ್ಟ ಅಸ್ಥಿಪಂಜರವೊಂದು ಒಂದು ಕೈಯಲ್ಲಿ ಸೂರ್ಯನನ್ನು, ಇನ್ನೊಂದು ಕೈಯಲ್ಲಿ ಚಂದ್ರನನ್ನು ಹಿಡಿದಿದೆ. ತನ್ನ ಬಾಲವನ್ನು ತಾನೇ ಕಚ್ಚಿದ ಹಾವು ಅದನ್ನು ಬಳಸಿದೆ. ಆದಿ ಅಂತ್ಯವಿಲ್ಲದ ಅನಂತಕ್ಕೆ ಅದು ಸಂಕೇತ. ಮೇಲಿನ ಮೂಲೆಗಳಲ್ಲಿ ದೇವದೂತರು, ಕೆಳಗಿನ ಮೂಲೆಗಳಲ್ಲಿ ಬಾವಲಿಗಳು. ಹೆನ್ರಿ ಕ್ರಿಶ್ಚಿಯನ್ ಗೈಯರ್ ಎಂಬ ಬಾಸ್ಟನ್ನಿನ ಕುಶಲಕರ್ಮಿಯ ಕೆಲಸವದು. ಹಗಲಿರುಳುಗಳೆರಡೂ ಸಾವಿನ ಕೈಯಲ್ಲೇ ಇವೆ ಎಂಬ ಮಾತನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕಲ್ಲು ಇನ್ನೊಂದಿರಲಾರದು.

ಕೆತ್ತಿದ ಕೈಗಳು

ಇವರನ್ನು ಶಿಲ್ಪಿಗಳೆಂದು ಆ ಕಾಲದವರು ಕರೆಯಲಿಲ್ಲ. ಹಲವರಿಗೆ ಕಲ್ಲು ಕೆತ್ತುವುದೊಂದೇ ಕಸುಬಾಗಿರಲಿಲ್ಲ. ಬೇಸಾಯ, ಗಾರೆಕೆಲಸ, ಮರಗೆಲಸಗಳ ಜೊತೆಗೆ ಇದೂ ಒಂದು. ಸಾಲಿನಲ್ಲಿ ಜಾಗ ಸಾಲದೆ ಬಿಟ್ಟುಹೋದ ಅಕ್ಷರವನ್ನು ಮೇಲೆ ಚಿಕ್ಕದಾಗಿ ತುರುಕಿದ್ದು, ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದದ್ದು ಧಾರಾಳವಾಗಿ ಕಾಣಸಿಗುತ್ತದೆ. ನಮ್ಮ ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ.

ಚಾರ್ಲ್ಸ್‌ಟೌನಿನ ಜೋಸೆಫ್ ಲ್ಯಾಮ್ಸನ್ (1658–1722) ಮತ್ತು ಅವನ ಮಕ್ಕಳು ಮೊಮ್ಮಕ್ಕಳು ತಲೆಮಾರುಗಳ ಕಾಲ ಇದೇ ಉಳಿ ಸುತ್ತಿಗೆ ಹಿಡಿದರು. ಬಾಸ್ಟನ್ನಿನ ಸ್ಲೇಟು ಕಲ್ಲುಗಳು ಹಡಗೇರಿ ದೂರದ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿಗೂ ಹೋದವು. ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿ ಜಾನ್ ಸ್ಟೀವನ್ಸ್ 1705ರಲ್ಲಿ ತೆರೆದ ಕಲ್ಲುಕೆತ್ತನೆಯ ಅಂಗಡಿ ಮೂರು ಶತಮಾನ ದಾಟಿ ನಡೆದು ಬಂದಿದೆ.

ಈ ಕೈಗಳಿಗೆ ಹೆಸರು ಕೊಟ್ಟ ಪುಣ್ಯ ವುಸ್ಟರ್ ನಗರದ ಹ್ಯಾರಿಯೆಟ್ ಮೆರಿಫೀಲ್ಡ್ ಫೋರ್ಬ್ಸ್ ಎಂಬ ಮಹಿಳೆಯದು. ಆಕೆ ಕ್ಯಾಮೆರಾ ಹಿಡಿದು ಸ್ಮಶಾನದಿಂದ ಸ್ಮಶಾನಕ್ಕೆ ಅಲೆದರು. ಅಷ್ಟಕ್ಕೇ ನಿಲ್ಲದೆ ನ್ಯಾಯಾಲಯಗಳಲ್ಲಿ ಧೂಳು ತಿನ್ನುತ್ತಿದ್ದ ಉಯಿಲಿನ ಕಾಗದಗಳನ್ನು ಬಿಡಿಸಿ, ಸತ್ತವರ ಆಸ್ತಿಯಿಂದ ಸಮಾಧಿ ಕಲ್ಲಿಗೆಂದು ಯಾರಿಗೆ ಹಣ ಸಂದಿತು ಎಂಬ ಲೆಕ್ಕ ಹುಡುಕಿದರು. ಕಲ್ಲು ಒಂದು ಕಡೆ, ರಸೀದಿ ಒಂದು ಕಡೆ ಇದ್ದುದನ್ನು ಹೀಗೆ ಕೂಡಿಸಿದರು. ಆಕೆಯ ಪುಸ್ತಕ ಪ್ರಕಟವಾದದ್ದು 1927ರಲ್ಲಿ. ಅಲ್ಲಿಂದ ಮುಂದೆ ಬಂದ ಸಂಶೋಧಕರೆಲ್ಲರೂ ಆಕೆಗೆ ಋಣಿಗಳು.

ಬುರುಡೆ ಮುಖವಾಯಿತು, ಮುಖ ಮರವಾಯಿತು

1960ರ ದಶಕದಲ್ಲಿ ಜೇಮ್ಸ್ ಡೀಟ್ಸ್ ಮತ್ತು ಎಡ್ವಿನ್ ಡೆತ್ಲೆಫ್ಸೆನ್ ಎಂಬ ಇಬ್ಬರು ವಿದ್ವಾಂಸರು ಮ್ಯಾಸಚೂಸೆಟ್ಸಿನ ಸ್ಮಶಾನಗಳಲ್ಲಿ ಲೆಕ್ಕ ಹಾಕುತ್ತ ಹೊರಟರು. ನೆಲ ಅಗೆಯುವ ಪುರಾತತ್ತ್ವಜ್ಞರಿಗೆ ಸಿಗುವ ಮಡಕೆ ಚೂರಿನ ಮೇಲೆ ತಾರೀಖು ಇರುವುದಿಲ್ಲ. ಆದರೆ ಇಲ್ಲಿ ಪ್ರತಿಯೊಂದು ಕಲ್ಲಿನ ಮೇಲೂ ಇಸವಿಯಿದೆ! ಯಾವ ಹತ್ತು ವರ್ಷದಲ್ಲಿ ಯಾವ ಚಿತ್ರ ಎಷ್ಟು ಎಂದು ಎಣಿಸಿದರೆ ಜನರ ರುಚಿ ಮತ್ತು ನಂಬಿಕೆ ಬದಲಾದ ಬಗೆ ಕಣ್ಣಿಗೆ ಕಟ್ಟುತ್ತದೆ. 1966ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇಂದಿಗೂ ವಿದ್ಯಾರ್ಥಿಗಳಿಗೆ ಪಾಠವಾಗಿದೆ.

ಅವರು ಕಂಡದ್ದು ಸ್ಥೂಲವಾಗಿ ಇದು. 18ನೆಯ ಶತಮಾನದ ನಡುವಿನವರೆಗೆ ಬುರುಡೆಯದೇ ರಾಜ್ಯ. ಆಮೇಲೆ ಬುರುಡೆಗೆ ಕೆನ್ನೆ ತುಂಬುತ್ತದೆ, ಕಣ್ಣು ಮೂಡುತ್ತದೆ, ತುಟಿ ಅರಳುತ್ತದೆ; ರೆಕ್ಕೆಯುಳ್ಳ ಮಗುವಿನ ಮುಖವಾಗುತ್ತದೆ. ಇದನ್ನು ಚೆರಬ್ ಎನ್ನುತ್ತಾರೆ. 18ನೆಯ ಶತಮಾನ ಮುಗಿಯುವ ಹೊತ್ತಿಗೆ ಮುಖವೂ ಹೋಗಿ, ಕೊಂಬೆ ಇಳಿಬಿಟ್ಟ ವಿಲೋ ಮರ ಮತ್ತು ಅದರ ನೆರಳಿನಲ್ಲಿ ಒಂದು ಕಲಶ ಬರುತ್ತವೆ. ಚಿತ್ರದ ಜೊತೆಗೆ ಮಾತೂ ಬದಲಾಯಿತು. ಮೊದಲು ಇಂಥವರ ದೇಹ ಇಲ್ಲಿ ಹೂಳಲ್ಪಟ್ಟಿದೆ ಎನ್ನುತ್ತಿದ್ದ ಕಲ್ಲು ಈಗ ಇಂಥವರ ನೆನಪಿಗೆ ಎನ್ನತೊಡಗಿತು. ದೇಹದಿಂದ ಆತ್ಮಕ್ಕೆ, ಆತ್ಮದಿಂದ ನೆನಪಿಗೆ ಸಾಗಿದ ಪಯಣವಿದು.

ಯಾಕೆ ಹೀಗಾಯಿತು? 1730 ಮತ್ತು 40ರ ದಶಕಗಳಲ್ಲಿ ಈ ಸೀಮೆಯಲ್ಲಿ ಭಕ್ತಿಯ ದೊಡ್ಡ ಅಲೆಯೊಂದು ಎದ್ದಿತು. ದೇವರ ಕೃಪೆಯನ್ನು ಎದೆಯೊಳಗೇ ಅನುಭವಿಸಬಹುದೆಂಬ ಮಾತು ಕೇಳಿಬಂತು. ಕ್ರಮೇಣ ಹಳೆಯ ಕಟ್ಟು ಸಡಿಲಿತು. ಮೊದಲು ಬಂದವರ ಮೊಮ್ಮಕ್ಕಳು ಮರಿಮಕ್ಕಳು ತಾತಂದಿರ ದೇವರನ್ನು ಬಿಡಲಿಲ್ಲ. ತಾತಂದಿರ ಭಯವನ್ನು ಮಾತ್ರ ಬಿಟ್ಟರು. ಅಜ್ಜನ ಕಲ್ಲಿನ ಮೇಲೆ ಬುರುಡೆ, ಅಪ್ಪನ ಕಲ್ಲಿನ ಮೇಲೆ ದೇವದೂತನ ಮುಖ, ಮಗನ ಕಲ್ಲಿನ ಮೇಲೆ ವಿಲೋ ಮರ ಹೀಗೆ ಒಂದೇ ಮನೆತನದ ಮೂರು ಕಲ್ಲುಗಳು ಅಕ್ಕಪಕ್ಕದಲ್ಲಿ ನಿಂತದ್ದನ್ನು ನೋಡಬಹುದು. ಮನೆಯಲ್ಲಿ ಹದಿಹರೆಯದ ಮಕ್ಕಳಿರುವ ನಮ್ಮ ಓದುಗರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಇನ್ನೊಂದು ವಿಷಯ. ಹೊಸ ಚಿತ್ರ ಎಲ್ಲ ಕಡೆ ಒಂದೇ ಸಲಕ್ಕೆ ಬರಲಿಲ್ಲ. ಇಂಗ್ಲೆಂಡಿನ ಜೊತೆ ಓಡಾಟ, ಪತ್ರವ್ಯವಹಾರ ಇದ್ದ ಕೇಂಬ್ರಿಡ್ಜಿನ ಓದಿದ ಮನೆತನಗಳಲ್ಲಿ ಚೆರಬ್ ಬೇಗ ಕಾಣಿಸಿತು. ದೂರದ ಹಳ್ಳಿಗಳಿಗೆ ತಡವಾಗಿ ಬಂತು. ಪ್ಲಿಮತ್ ಕಡೆಯ ಒಳನಾಡಿನ ಹಳ್ಳಿಗಳಲ್ಲಂತೂ ಹೊರಗಿನ ಮಾದರಿಗೆ ಕಾಯದೆ ಅಲ್ಲಿಯ ಕುಟಿಗರು ಬುರುಡೆಯನ್ನೇ ತಮಗೆ ತೋಚಿದಂತೆ ತಿದ್ದುತ್ತ ಹೋದರು. ಕಡೆಗೆ ಅದು ಗುಂಗುರು ಕೂದಲಿನ, ಬುರುಡೆಯೂ ಅಲ್ಲದ ದೇವದೂತನೂ ಅಲ್ಲದ ವಿಚಿತ್ರ ಮುಖವಾಯಿತು. ತಾಯ್ನಾಡಿನಿಂದ ದೂರವಾದ ಸಂಪ್ರದಾಯ ತನ್ನಷ್ಟಕ್ಕೆ ತಾನು ಬೆಳೆಯುವ ರೀತಿ ಇದು. ನಾವು ಊರು ಬಿಟ್ಟ ಇಸವಿಯ ಕನ್ನಡವನ್ನೇ ಮನೆಯಲ್ಲಿ ಆಡುತ್ತ, ಅದಕ್ಕೆ ಇಲ್ಲಿಯ ಒಗ್ಗರಣೆ ಸೇರಿಸುತ್ತ, ರಜೆಗೆ ಹೋದಾಗ ಅಲ್ಲಿಯವರಿಂದ ನಗಿಸಿಕೊಳ್ಳುವುದೂ ಇದೇ ಕಥೆಯಲ್ಲವೆ?

ಕಣ್ಣೀರಿಗೆ ಅನುಮತಿ

ವಿಲೋ ಮರದ ಜೊತೆ ಬಂದ ಕಲಶ ಗ್ರೀಕರು ರೋಮನರು ಚಿತಾಭಸ್ಮ ತುಂಬಿಡುತ್ತಿದ್ದ ಪಾತ್ರೆಯ ರೂಪ. 18ನೆಯ ಶತಮಾನದಲ್ಲಿ ಇಟಲಿಯ ಹರ್ಕ್ಯುಲೇನಿಯಂ, ಪಾಂಪೆ ನಗರಗಳನ್ನು ಅಗೆದು ತೆಗೆದ ಮೇಲೆ ಆ ಹಳೆಯ ಶೈಲಿಗೆ ಎಲ್ಲೆಡೆ ಮೋಹ ಹುಟ್ಟಿತು. ಹೊಸದಾಗಿ ಗಣರಾಜ್ಯವಾದ ಅಮೆರಿಕವೂ ರೋಮಿನ ಕಡೆ ನೋಡಿತು. ಹೂಳುವವರೇ ತುಂಬಿದ್ದ ನಾಡಿನಲ್ಲಿ ಯಾರ ಬೂದಿಯೂ ಇಲ್ಲದ ಕಲಶ! ಅಸ್ಥಿಯ ಕುಡಿಕೆಯನ್ನು ಕೈಯಾರೆ ಹಿಡಿದು ನದಿಗೆ ಬಿಟ್ಟು ಬಂದವರಾದ ನಮಗೆ ಈ ಖಾಲಿ ಕಲಶ ವಿಚಿತ್ರವಾಗಿ ಕಾಣುತ್ತದೆ. ಅದರಲ್ಲಿ ಅವರು ತುಂಬಿದ್ದು ದುಃಖವನ್ನು. ಬಾಗಿದ ವಿಲೋ ಅಳುವವರ ಕೆದರಿದ ಕೂದಲಿನಂತಿದೆ. ಅಳುವುದು ದೇವರ ಇಚ್ಛೆಗೆ ವಿರುದ್ಧವೆಂಬ ಅಂಜಿಕೆ ಹೋಗಿ, ಅಳಬಹುದು ಎಂಬ ಅನುಮತಿ ಕಲ್ಲಿನ ಮೇಲೆ ಸಿಕ್ಕಿತು.

ಆದರೆ ದುಃಖ ಸಂಕೇತದ ಅನುಮತಿಗೆ ಕಾಯುತ್ತದೆಯೇ? ಪಶ್ಚಿಮ ಮ್ಯಾಸಚೂಸೆಟ್ಸಿನ ಡೀರ್‌ಫೀಲ್ಡ್ ಸ್ಮಶಾನದಲ್ಲಿ 1785ರ ಡಿಸೆಂಬರಿನಲ್ಲಿ ತೀರಿಕೊಂಡ ಮೇರಿ ಹಾರ್ವಿ ಎಂಬ ತಾಯಿಯ ಕಲ್ಲಿದೆ. ಶವಪೆಟ್ಟಿಗೆಯಲ್ಲಿ ಮಲಗಿದ ತಾಯಿ. ಅವಳ ಪಕ್ಕದಲ್ಲಿ ಪುಟ್ಟ ಮಗು. ಎಡತೋಳಿನ ಮೇಲೆ ಸತ್ತು ಹುಟ್ಟಿದ ಶಿಶು ಮಲಗಿದೆ ಎಂದು ಕೆಳಗಿನ ಬರಹ ಹೇಳುತ್ತದೆ. ಕೆತ್ತನೆ ಒರಟು, ಗೆರೆಗಳು ಬಾಲಿಶ. ಎಡತೋಳು ಎಂಬ ಒಂದು ಮಾತಿನ ಮುಂದೆ ಉಪದೇಶದ ಪದ್ಯಗಳೆಲ್ಲ ಮಂಕಾಗುತ್ತವೆ. ಹೆರಿಗೆಯಲ್ಲಿ ತಾಯಿ ಮಗು ಇಬ್ಬರನ್ನೂ ಕಳೆದುಕೊಂಡ ಮನೆಗಳು ಆಗ ಅಲ್ಲಿಯೂ ಇದ್ದವು, ನಮ್ಮಲ್ಲಿಯೂ ಇದ್ದವು.

1831ರಲ್ಲಿ ಕೇಂಬ್ರಿಡ್ಜಿನ ಬಳಿ ಮೌಂಟ್ ಆಬರ್ನ್ ಆರಂಭವಾಯಿತು. ಗುಡ್ಡ, ಕೊಳ, ಮರಗಳ ನಡುವೆ ಉದ್ಯಾನದಂತೆ ರೂಪಿಸಿದ ಸ್ಮಶಾನ ಈ ದೇಶದಲ್ಲಿ ಅದೇ ಮೊದಲು. ಜನ ಅಲ್ಲಿಗೆ ವಿಹಾರಕ್ಕೆ ಬರತೊಡಗಿದರು. ಅಲ್ಲಿಂದ ಮುಂದಿನ ಸಂಕೇತಗಳು ಕೋಮಲವಾದವು: ಮಗುವಿನ ಸಮಾಧಿಗೆ ಮಲಗಿದ ಕುರಿಮರಿ, ಅಕಾಲದಲ್ಲಿ ಹೋದವರಿಗೆ ಮುರಿದ ಮೊಗ್ಗು, ತುಂಬು ಬಾಳು ಬಾಳಿದವರಿಗೆ ಕೊಯ್ದ ಗೋಧಿಯ ಕಟ್ಟು, ಗಂಡಹೆಂಡಿರಿಗೆ ಒಂದನ್ನೊಂದು ಹಿಡಿದ ಎರಡು ಕೈ, ಭರವಸೆಗೆ ಲಂಗರು, ಪರಲೋಕ ತೋರಿಸುವ ಬೆರಳು.

ಕಲ್ಲು ಸಿಕ್ಕದವರು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಕಲ್ಲು ಎಲ್ಲರಿಗೂ ಸಿಗಲಿಲ್ಲ. ಬಾಸ್ಟನ್ನಿನ ಕಾಪ್ಸ್ ಹಿಲ್ ಸ್ಮಶಾನದ ಒಂದು ಅಂಚಿನಲ್ಲಿ ಸಾವಿರಕ್ಕೂ ಹೆಚ್ಚು ಕರಿಯ ಜನರನ್ನು ಹೂಳಲಾಗಿದೆ ಎನ್ನುತ್ತಾರೆ. ಅವರಲ್ಲಿ ಬಹುಪಾಲಿನವರಿಗೆ ಗುರುತೇ ಇಲ್ಲ. ಸೇಲಮ್ಮಿನಲ್ಲಿ 1692ರಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ತೀರ್ಪು ಕೊಟ್ಟವರಲ್ಲಿ ಒಬ್ಬನಾದ ಜಾನ್ ಹಾಥಾರ್ನನ ಕಲ್ಲು ಅಲ್ಲಿಯ ಚಾರ್ಟರ್ ಬೀದಿಯ ಸ್ಮಶಾನದಲ್ಲಿದೆ. ಸತ್ತವರಿಗೆ ಅಂದು ಕಲ್ಲು ಸಿಗಲಿಲ್ಲ. ಮುನ್ನೂರು ವರ್ಷ ಕಳೆದ ಮೇಲೆ, 1992ರಲ್ಲಿ, ಅದೇ ಸ್ಮಶಾನದ ಪಕ್ಕದಲ್ಲಿ ಇಪ್ಪತ್ತು ಕಲ್ಲಿನ ಪೀಠಗಳನ್ನು ಕಟ್ಟಿ ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಬರೆಸಲಾಯಿತು.

ನ್ಯೂಪೋರ್ಟಿನ ಸಾರ್ವಜನಿಕ ಸ್ಮಶಾನದಲ್ಲಿ ದೇವರ ಪುಟ್ಟ ಹೊಲ ಎಂಬ ಅರ್ಥದ ಹೆಸರಿನ ಒಂದು ಭಾಗವಿದೆ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನೂ ಅವರ ಸಂತತಿಯವರನ್ನೂ ಹೂಳಿದ ಜಾಗ ಅದು. ಅಲ್ಲಿ ಒಂದು ಕಲ್ಲಿನ ಮೇಲೆ, ಇದನ್ನು ಕೆತ್ತಿದವನು ಪಾಂಪ್ ಸ್ಟೀವನ್ಸ್, 1768ರ ಡಿಸೆಂಬರ್ 27ರಂದು ನಲವತ್ತು ವರ್ಷದವನಾಗಿ ತೀರಿಕೊಂಡ ತನ್ನ ಸಹೋದರ ಕಫ್ ಗಿಬ್ಸನ ನೆನಪಿಗೆ, ಎಂದು ಬರೆದಿದೆ. ಪಾಂಪ್ ಸ್ಟೀವನ್ಸರ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗುಲಾಮ. ಒಡಹುಟ್ಟಿದವರಿಬ್ಬರ ಮನೆತನದ ಹೆಸರು ಬೇರೆ ಬೇರೆ ಯಾಕೆಂದರೆ ಅವು ಅವರವರ ಒಡೆಯರ ಹೆಸರುಗಳು. ಆದರೆ ಕಫ್ ಎಂಬ ಹೆಸರು ಒಡೆಯರದಲ್ಲ. ಅದು ಪಶ್ಚಿಮ ಆಫ್ರಿಕಾದ ಅಕಾನ್ ಜನರು ಶುಕ್ರವಾರ ಹುಟ್ಟಿದ ಗಂಡುಮಗುವಿಗೆ ಇಡುವ ಕೋಫಿ ಎಂಬ ಹೆಸರಿನ ರೂಪ. ಕಲ್ಲುಕುಟಿಗರು ತಮ್ಮ ಹೆಸರು ಬರೆಯುವುದು ಅಪರೂಪವಾಗಿದ್ದ ಕಾಲದಲ್ಲಿ, ತನ್ನ ಮೈಯ ಮೇಲೆ ತನಗೇ ಹಕ್ಕಿಲ್ಲದ ಒಬ್ಬ ಮನುಷ್ಯ ತನ್ನ ಹೆಸರನ್ನೂ ತನ್ನ ರಕ್ತಸಂಬಂಧವನ್ನೂ ಕಲ್ಲಿನಲ್ಲಿ ಬರೆದಿಟ್ಟ. ವೀಸಾ ಹಿಡಿದು, ಬೇಕೆಂದೇ ಬಂದ ನಮ್ಮನ್ನು ಅವರಿಗೆ ಹೋಲಿಸಿಕೊಳ್ಳುವುದು ಸಲ್ಲದು. ಆದರೂ ಮಗುವಿನ ಹೆಸರನ್ನು ಇಲ್ಲಿಯವರ ನಾಲಿಗೆಗೆ ಒಗ್ಗುವಂತೆ ಮೊಟಕು ಮಾಡುವ ಮುಂಚೆ ಆ ಕಲ್ಲನ್ನೊಮ್ಮೆ ನೆನೆಯಬಹುದು.

ನಮ್ಮ ಕಲ್ಲುಗಳು

ಸುಡುವ ಸಂಪ್ರದಾಯದವರಿಗೆ ಕಲ್ಲೆಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ಊರಿಗೆ ಹೋದಾಗ ಅವರಿಗೆ ವೀರಗಲ್ಲು ತೋರಿಸಿ. ತುರುಗಳ ರಕ್ಷಣೆಗೋ ಊರಿನ ರಕ್ಷಣೆಗೋ ಹೋರಾಡಿ ಮಡಿದವನಿಗೆ ನಿಲ್ಲಿಸಿದ ಕಲ್ಲು ಅದು. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ನೆತ್ತಿಯಲ್ಲಿ ಸೂರ್ಯ ಚಂದ್ರರು. ಬೆಂಗಳೂರು ಎಂಬ ಊರಿನ ಹೆಸರು ನಮಗೆ ಮೊತ್ತಮೊದಲು ಸಿಗುವುದೇ ಬೇಗೂರಿನ ಕ್ರಿ.ಶ. 890ರ ಸುಮಾರಿನ ಇಂಥದೊಂದು ಕಲ್ಲಿನಲ್ಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ತುಂಬ ಸಲ್ಲೇಖನದಿಂದ ದೇಹ ತ್ಯಜಿಸಿದವರ ನಿಸಿದಿ ಶಾಸನಗಳಿವೆ. ಹತ್ತನೆಯ ಶತಮಾನದ ಆತಕೂರು ಕಲ್ಲಿನಲ್ಲಂತೂ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಗೌರವ ಸಂದಿದೆ.

ಮಾರ್ಬಲ್‌ಹೆಡ್ಡಿನ ಕಲ್ಲಿಗೂ ನಮ್ಮ ವೀರಗಲ್ಲಿಗೂ ಯಾವ ನಂಟೂ ಇಲ್ಲ. ಆದರೂ ಎರಡರಲ್ಲೂ ಸೂರ್ಯ ಚಂದ್ರರಿದ್ದಾರೆ. ಅಲ್ಲಿ ಅವರು ಸಾವಿನ ಮುಷ್ಟಿಯಲ್ಲಿದ್ದಾರೆ. ಇಲ್ಲಿ ಅವರು ಸತ್ತವನ ಕೀರ್ತಿಗೆ ಸಾಕ್ಷಿಯಾಗಿ ಮೇಲೆ ನಿಂತಿದ್ದಾರೆ. ಆಚಂದ್ರಾರ್ಕ ಎಂಬ ನಮ್ಮ ಮಾತನ್ನು ಮಕ್ಕಳಿಗೆ ವಿವರಿಸಲು ಈ ಎರಡು ಕಲ್ಲುಗಳಿಗಿಂತ ಒಳ್ಳೆಯ ಪಾಠ ಸಿಗಲಾರದು.

ನಮ್ಮ ಮುಂದಿರುವ ಪ್ರಶ್ನೆ

ಈ ನಾಡಿಗೆ ಮೊದಲು ಬಂದ ನಮ್ಮ ಹಿರಿಯರಲ್ಲಿ ಕೆಲವರು ಈಗಾಗಲೇ ತೀರಿಕೊಂಡಿದ್ದಾರೆ. ಅಸ್ಥಿ ಕೆಲವೊಮ್ಮೆ ಶ್ರೀರಂಗಪಟ್ಟಣಕ್ಕೆ ಹೋಗುತ್ತದೆ, ಕೆಲವೊಮ್ಮೆ ಇಲ್ಲಿಯ ಕಡಲನ್ನೇ ಸೇರುತ್ತದೆ. ಯಾವ ಕಲ್ಲೂ ಉಳಿಯುವುದಿಲ್ಲ. ಉಳಿಯಬೇಕೆಂಬ ಆಸೆ ನಮ್ಮ ಸಂಪ್ರದಾಯದಲ್ಲಿಲ್ಲ. ಅದು ಸರಿಯೇ. ಊರಿನಲ್ಲಾದರೆ ಹೊಲಕ್ಕೆ ಅಜ್ಜನ ಹೆಸರಿರುತ್ತದೆ, ಗುಡಿಯ ಸೇವೆಗೆ ಅಜ್ಜಿಯ ಹೆಸರಿರುತ್ತದೆ, ವರ್ಷಕ್ಕೊಮ್ಮೆ ತಿಥಿಯಲ್ಲಿ ಮೂರು ತಲೆಮಾರಿನ ಹೆಸರು ಹೇಳಬೇಕಾಗುತ್ತದೆ. ಇಲ್ಲಿ ಇದಾವುದೂ ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳು ಯಾವುದರ ಮುಂದೆ ನಿಂತು ಇವರು ನಮ್ಮವರು ಎನ್ನಬೇಕು?

ಕಲ್ಲು ನೆಡಿಸಬೇಕೆಂದು ನಾವು ಹೇಳುತ್ತಿಲ್ಲ. ಬರೆದಿಡಿ ಎಂದಷ್ಟೇ ಬೇಡುತ್ತೇವೆ. ತಂದೆತಾಯಿಯರ, ಅಜ್ಜ ಅಜ್ಜಿಯರ ಪೂರ್ಣ ಹೆಸರು, ಊರು, ತಾಲ್ಲೂಕು, ಅವರು ಏನು ಕೆಲಸ ಮಾಡಿದರು, ಯಾವ ವರ್ಷ ಯಾವ ಊರಿಗೆ ಬಂದಿಳಿದರು ಎಂಬುದನ್ನು ಕನ್ನಡದಲ್ಲೂ ಮಕ್ಕಳು ಓದಬಲ್ಲ ಲಿಪಿಯಲ್ಲೂ ಒಂದು ಪುಸ್ತಕದಲ್ಲಿ ಬರೆಯಿರಿ. ಹಿರಿಯರು ಭಾರತದಿಂದ ಬಂದು ಮನೆಯಲ್ಲಿ ಉಳಿದುಕೊಂಡಿರುವಾಗಲೇ ಕೇಳಿ ತಿಳಿದುಕೊಳ್ಳಿ.

ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಈ ಹಳೆಯ ಅಂಗಳಗಳಿಗೆ ಹೋಗಿಬನ್ನಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕೆತ್ತನೆ ಚೆನ್ನಾಗಿ ಕಾಣುತ್ತದೆ. ನೆರಳಿದ್ದರೆ ಕನ್ನಡಿ ಹಿಡಿದು ಬೆಳಕು ಬೀರಿ ಫೋಟೋ ತೆಗೆಯಬಹುದು. ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯಬೇಡಿ, ಬ್ರಷ್ಷಿನಿಂದ ತಿಕ್ಕಬೇಡಿ, ಕಲ್ಲಿಗೆ ಒರಗಬೇಡಿ; ಒಳಗೆ ಪದರ ಬಿಟ್ಟಿರುವ ಸ್ಲೇಟು ಕಲ್ಲು ಮುಟ್ಟಿದರೆ ಉದುರುವಂತಿರುತ್ತದೆ. ಮನೆಗೆ ಬಂದ ಮೇಲೆ ಸ್ನಾನ ಮಾಡುವುದು ಬಿಡುವುದು ಅವರವರ ಇಷ್ಟ.

ಈ ಪುಸ್ತಕಕ್ಕೆ ನಾವು ಸ್ಮರಣ ಸಂಚಿಕೆ ಎಂದು ಹೆಸರಿಟ್ಟಿದ್ದೇವೆ. ಸಂಘ ಕಟ್ಟಿದವರ, ನಾಟಕ ಆಡಿಸಿದವರ, ಹಿಮ ಬೀಳುವ ಭಾನುವಾರಗಳಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸಿದವರ, ಯುಗಾದಿಗೆ ನೂರಾರು ಜನಕ್ಕೆ ಹೋಳಿಗೆ ತಟ್ಟಿದವರ ಹೆಸರುಗಳು ಇದರ ಪುಟಗಳಲ್ಲಿ ಸೇರಲಿ. ಬಿಟ್ಟುಹೋದವರ ಹೆಸರು ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವರಿಗೊಂದು ಸಾಲು ಮೀಸಲಿಡೋಣ.